ಹಾವು ಗಂಡೋ ಹೆಣ್ಣೋ: ಬಾಲದ ಬುಡ ಓದುವ ಕ್ರಮ

ಕಾಫಿ ತೋಟದಲ್ಲಿ ಎರಡು ಕೇರೆ ಹಾವು ಹೆಣೆದುಕೊಂಡು ಎದ್ದು ನಿಂತರೆ ನಮ್ಮಲ್ಲಿ ಅದನ್ನು ಗಂಡು ಹೆಣ್ಣಿನ ಸರಸ ಅನ್ನುತ್ತಾರೆ. ಬಹುಪಾಲು ಅದು ಎರಡು ಗಂಡುಗಳ ಕುಸ್ತಿ. ಹಾವಿನ ಬಣ್ಣ, ತಲೆಯ ಆಕಾರ, ಸಿಟ್ಟು, ಸಾಧುತನ ನೋಡಿ ಲಿಂಗ ಹೇಳುವುದೂ ಇಷ್ಟೇ ತಪ್ಪು. ಹೇಳಬಲ್ಲದ್ದು ಬಾಲದ ಬುಡ ಮಾತ್ರ.

ಇಲ್ಲಿ ಬರೆದಿರುವುದು ಮನೆಯಲ್ಲಿ ಸಾಕುವ ವಿಷವಿಲ್ಲದ ವಿದೇಶಿ ಹಾವುಗಳಿಗೆ: ಬಾಲ್ ಪೈಥಾನ್, ಕಾರ್ನ್ ಸ್ನೇಕ್, ಕೀನ್ಯಾದ ಸ್ಯಾಂಡ್ ಬೋವಾ. ನಮ್ಮ ಕೇರೆ, ಹೆಬ್ಬಾವು, ಮಣ್ಣುಮುಕ್ಕ ಇವನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಹಿಡಿಯುವಂತಿಲ್ಲ, ಸಾಕುವಂತಿಲ್ಲ. ಬಾಲ್ ಪೈಥಾನ್ ಮತ್ತು ಸ್ಯಾಂಡ್ ಬೋವಾ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಿಸುವ ಒಪ್ಪಂದ) ಪಟ್ಟಿಯಲ್ಲಿರುವುದರಿಂದ ಅವನ್ನು ಕೇಂದ್ರ ಪರಿಸರ ಸಚಿವಾಲಯದ ಪರಿವೇಷ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು.

ಒಂದೇ ಹಾವು ಸಾಕುವವರಿಗೆ ಲಿಂಗ ತಿಳಿಯಲೇಬೇಕೆಂಬ ಅವಸರವಿಲ್ಲ. ಆದರೂ ತಿಳಿದಿದ್ದರೆ ಪ್ರಯೋಜನವಿದೆ. ಬೆಳೆದ ಗಂಡು ಬಾಲ್ ಪೈಥಾನ್ ಬೆದೆಯ ಕಾಲದಲ್ಲಿ ವಾರಗಟ್ಟಲೆ ಇಲಿ ಮುಟ್ಟದಿದ್ದರೆ ಗಾಬರಿ ಬೀಳಬೇಕಿಲ್ಲ. ಹೆಣ್ಣಾದರೆ ಗಂಡಿಲ್ಲದೆಯೂ ಮೊಟ್ಟೆ ಕಟ್ಟಬಹುದು, ಮೊಟ್ಟೆ ಒಳಗೇ ಸಿಕ್ಕಿಕೊಳ್ಳಬಹುದು. ಹೊಟ್ಟೆಯ ಕೆಳಭಾಗ ಉಬ್ಬಿದಾಗ ಮಲಬದ್ಧತೆಯೋ ಮೊಟ್ಟೆಯೋ ಎಂದು ಯೋಚಿಸಲು ಲಿಂಗ ಗೊತ್ತಿರಬೇಕು.

ಒಳಗೆ ಏನಿದೆ ಎಂಬುದು ಕಣ್ಣಿಗೆ ಕಟ್ಟಿದರೆ ಉಳಿದದ್ದೆಲ್ಲ ಸುಲಭ. ಹೊಟ್ಟೆ ಮುಗಿದು ಬಾಲ ಶುರುವಾಗುವಲ್ಲಿ ಒಂದು ಅಡ್ಡ ಸೀಳಿದೆ, ಅದೇ ಗುದದ್ವಾರ. ಗಂಡಿಗೆ ಜನನಾಂಗ ಎರಡು. ಎರಡೂ ಒಳಮಗ್ಗುಲು ಹೊರಗೆ ಮಾಡಿದ ಕಾಲುಚೀಲದಂತೆ ಬಾಲದೊಳಗೆ, ಬಾಲದ ತುದಿಯ ಕಡೆಗೆ ಮಲಗಿರುತ್ತವೆ. ಒಂದೊಂದನ್ನೂ ಹಿಂದಕ್ಕೆ ಎಳೆದು ಹಿಡಿಯುವ ಸ್ನಾಯು ಇದೆ. ಹೆಣ್ಣಿಗೆ ಅದೇ ಜಾಗದಲ್ಲಿ ವಾಸನೆ ಗ್ರಂಥಿ ಮತ್ತು ಗಿಡ್ಡ ಕುಳಿ ಮಾತ್ರ. ಹಾಗಾಗಿ ಗಂಡಿನ ಬಾಲ ಗುದದ್ವಾರ ದಾಟಿದ ಮೇಲೂ ಸ್ವಲ್ಪ ದೂರ ದಪ್ಪವಾಗಿಯೇ ಹೋಗಿ ಆಮೇಲೆ ಸಪುರವಾಗುತ್ತದೆ. ಹೆಣ್ಣಿನದು ದಾಟಿದ ಕೂಡಲೇ ಸಪುರ. ಬೆಳೆದ ಕಾರ್ನ್ ಸ್ನೇಕ್‌ನಲ್ಲಿ ಇದು ಬರಿಗಣ್ಣಿಗೇ ಕಾಣುತ್ತದೆ. ಬಾಲ್ ಪೈಥಾನ್‌ನಲ್ಲಿ ಕಾಣುವುದು ಕಷ್ಟ. ಅದರ ಗುದದ್ವಾರದ ಎರಡು ಬದಿಯ ಮುಳ್ಳುಗಳನ್ನು ನೋಡಿ ತೀರ್ಮಾನಿಸುವವರಿದ್ದಾರೆ. ಹೆಣ್ಣಿಗೂ ಮುಳ್ಳು ದೊಡ್ಡದಿರುತ್ತದೆ, ಗಂಡಿನದು ಸವೆದಿರಲೂಬಹುದು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾವನ್ನು ಮುಟ್ಟದೆ ಮಾಡುವ ಕೆಲಸ ಪೊರೆ ನೋಡುವುದು. ಕೊಡಗಿನ ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ್ದು. ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ತೇವಕ್ಕೆ ಪೊರೆ ಹರಿಯದೆ ಬಾಲದ ತುದಿಯವರೆಗೆ ಇಡಿಯಾಗಿ ಬರುತ್ತದೆ. ಅದನ್ನು ಹತ್ತು ನಿಮಿಷ ನೀರಿನಲ್ಲಿ ಬಿಟ್ಟು, ಗುದದ್ವಾರದ ಮೇಲೆ ಒಂದು ಗೇಣು, ಕೆಳಗೆ ಇಡೀ ಬಾಲ ಬರುವ ಹಾಗೆ ಕಿಟಕಿ ಗಾಜಿಗೆ ಅಂಟಿಸುತ್ತೇನೆ. ಬೆಳಕಿಗೆ ಒಂದೊಂದು ಹುರುಪೆಯೂ ಗೆರೆ ಕೊರೆದಂತೆ ಕಾಣುತ್ತದೆ. ಪೊರೆ ಕಳಚುವಾಗ ಹಿಗ್ಗುವುದರಿಂದ ಸ್ಕೇಲು ಹಿಡಿದು ಉದ್ದ ಅಳೆದರೆ ಮೋಸ ಹೋಗುತ್ತೇವೆ. ಹುರುಪೆಯ ಸಂಖ್ಯೆ ಹಿಗ್ಗುವುದಿಲ್ಲ, ಎಣಿಸಿ. ಗಂಡಿನ ಬಾಲದಡಿಯಲ್ಲಿ ಸಾಮಾನ್ಯವಾಗಿ ಹುರುಪೆ ಹೆಚ್ಚು. ಬಾಲದಡಿಯ ಹುರುಪೆ ಜೋಡಿಯಾಗಿದ್ದರೆ ಜೋಡಿಗೆ ಒಂದು ಲೆಕ್ಕ. ಇದರಿಂದ ಅಂದಾಜು ಸಿಗುತ್ತದೆಯೇ ಹೊರತು ತೀರ್ಪು ಸಿಗುವುದಿಲ್ಲ.

ಮರಿಗಳಿಗೆ ಪಾಪಿಂಗ್, ಅಂದರೆ ಒಳಗಿನ ಅಂಗವನ್ನು ಬೆರಳಿನಿಂದ ಹೊರಬರಿಸಿ ನೋಡುವುದು. ಹುಟ್ಟಿ ಮೊದಲ ಪೊರೆ ಬಿಟ್ಟ ಮೇಲೆ, ಕೆಲವೇ ವಾರಗಳೊಳಗೆ ಮಾಡಬೇಕು. ಮರಿಯ ಹೊಟ್ಟೆ ಮೇಲೆ ಮಾಡಿ ಹಿಡಿದು, ಎಡ ಹೆಬ್ಬೆರಳಿನಿಂದ ಗುದದ್ವಾರದ ಮುಚ್ಚಳದಂತಿರುವ ಹುರುಪೆಯನ್ನು ತಲೆಯ ಕಡೆಗೆ ಸರಿಸಿ ಸೀಳನ್ನು ತೆರೆಯಬೇಕು. ಬಲ ಹೆಬ್ಬೆರಳನ್ನು ಬಾಲದಡಿಯಲ್ಲಿ ಸ್ವಲ್ಪ ಹಿಂದೆ ಇಟ್ಟು ಗುದದ್ವಾರದ ಕಡೆಗೆ ಉರುಳಿಸಬೇಕು. ಒತ್ತುವುದಲ್ಲ, ಉರುಳಿಸುವುದು. ಗಂಡಾದರೆ ಎರಡು ಸಣ್ಣ ಕೆಂಪು ಕೊಳವೆ ಹೊರಬರುತ್ತವೆ, ಅವುಗಳ ಮೇಲೆ ರಕ್ತನಾಳ ಕಾಣುತ್ತದೆ. ಹೆಣ್ಣಾದರೆ ಅಂಚಿನಲ್ಲಿ ಎರಡು ಚುಕ್ಕಿ ಮಾತ್ರ. ಅವು ವಾಸನೆ ಗ್ರಂಥಿಯ ಬಾಯಿಗಳು. ಅವಸರದಲ್ಲಿ ನೋಡಿದವರು ಈ ಚುಕ್ಕಿಗಳನ್ನೇ ಗಂಡು ಎಂದು ಬರೆದುಕೊಳ್ಳುತ್ತಾರೆ. ಬೆಳೆದ ಹಾವಿಗೆ ಪಾಪಿಂಗ್ ಬೇಡ. ಅದರ ಸ್ನಾಯು ಬಿಗಿ. ಬಲ ಹಾಕಿದರೆ ಬಾಲದ ಮೂಳೆಗೂ ಒಳಗಿನ ಅಂಗಕ್ಕೂ ಪೆಟ್ಟು.

ದೊಡ್ಡದಕ್ಕೆ ಪ್ರೋಬ್, ಅಂದರೆ ಗುದದ್ವಾರದಿಂದ ಬಾಲದೊಳಗೆ ಕಡ್ಡಿ ಇಳಿಸಿ ಆಳ ನೋಡುವುದು. ತುದಿ ಗುಂಡಗಿರುವ ಸ್ಟೀಲ್ ಕಡ್ಡಿಗಳ ಸೆಟ್ ಸಿಗುತ್ತದೆ. ತೆಳ್ಳಗಿನದು ಸುರಕ್ಷಿತ ಎಂಬ ಭಾವನೆ ತಲೆಕೆಳಗು. ತೆಳ್ಳಗಿನದೇ ಚುಚ್ಚಿ ತೂರುವುದು. ಸಲೀಸಾಗಿ ಹೋಗುವ ಅಳತೆಗಳಲ್ಲಿ ಅತಿ ದಪ್ಪನೆಯದನ್ನು ಆರಿಸಿ. ಇಲಿ ನುಂಗಿ ನಾಲ್ಕೈದು ದಿನವಾದರೂ ಆಗಿರಲಿ, ಇಲ್ಲವಾದರೆ ಕಕ್ಕುತ್ತದೆ. ಕಣ್ಣು ಮಂಜಾಗಿ ಪೊರೆಗೆ ಬಂದ ಹಾವನ್ನು, ಮೊಟ್ಟೆ ಕಟ್ಟಿದೆ ಎಂಬ ಅನುಮಾನವಿರುವುದನ್ನು ಮುಟ್ಟಬೇಡಿ. ಮಡಿಕೇರಿಯ ಜುಲೈಯಲ್ಲಿ ಕೋಣೆ 20 ಡಿಗ್ರಿಯ ಆಸುಪಾಸು ಇರುವುದರಿಂದ ಕೋಣೆಯನ್ನು 26-27ಕ್ಕೆ ತಂದು, ಕಡ್ಡಿಯನ್ನೂ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ತಣ್ಣನೆ ಸ್ಟೀಲ್ ತಾಗಿದರೆ ಹಾವು ಬಾಲ ಬಿಗಿಯುತ್ತದೆ. ಅಗ್ಗಿಷ್ಟಿಕೆಯ ಪಕ್ಕ ಮಾತ್ರ ಬೇಡ, ಹೊಗೆ ಹಾವಿನ ಶ್ವಾಸಕ್ಕೆ ಕೆಟ್ಟದ್ದು.

ಕಡ್ಡಿಯನ್ನು 20 ನಿಮಿಷ ಕುದಿಸಿ ಆರಿಸಿರಬೇಕು. ಒಂದು ಹಾವಿಗೆ ಒಂದು ಕಡ್ಡಿ. ಮತ್ತೆ ಕುದಿಸದೆ ಇನ್ನೊಂದಕ್ಕೆ ಹಾಕಿದರೆ ಸೋಂಕನ್ನು ನಾವೇ ದಾಟಿಸಿದಂತೆ. ಜಾರಲು ನೀರು ಆಧಾರದ ಜೆಲ್ ಒಂದು ತೊಟ್ಟು. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಬೇಡ.

ಹಿಡಿಯಲು ಇನ್ನೊಬ್ಬರು ಬೇಕೇ ಬೇಕು. ಅವರು ಮೈಯನ್ನು ಆಧರಿಸಿ ನಿಲ್ಲಲಿ, ಬಾಲ ನಿಮ್ಮ ಕೈಯಲ್ಲಿರಲಿ. ಮುಚ್ಚಳದ ಹುರುಪೆ ಎತ್ತಿ, ನಡುಗೆರೆ ಬಿಟ್ಟು ಒಂದು ಬದಿಯಲ್ಲಿ, ಬಾಲದ ತುದಿಗೆ ಮುಖ ಮಾಡಿ ಕಡ್ಡಿಯನ್ನು ಬೆರಳ ತುದಿಯಲ್ಲಿ ತಿರುವುತ್ತ ಬಿಡಿ. ತನ್ನ ಭಾರಕ್ಕೇ ಇಳಿಯುವಂತಿರಬೇಕು. ತಡೆ ಸಿಕ್ಕಲ್ಲಿ ನಿಲ್ಲಿಸಿ. ಗಂಡಿನ ಒಳತಡೆ ಮೆತ್ತಗೆ, ಸ್ಪಂಜಿನ ಹಾಗೆ. ಗುದದ್ವಾರದ ಅಂಚಿಗೆ ಉಗುರು ಗುರುತಿಟ್ಟು ಕಡ್ಡಿ ತೆಗೆದು, ಬಾಲದ ಹೊರಗೆ ಒತ್ತಿ ಹಿಡಿದು ಹುರುಪೆ ಎಣಿಸಿ. ಬಾಲ್ ಪೈಥಾನ್‌ನಲ್ಲಿ ಹೆಣ್ಣಿಗೆ ಸಾಮಾನ್ಯವಾಗಿ 2-4, ಗಂಡಿಗೆ 7-10 ಅಥವಾ ಹೆಚ್ಚು. ಇನ್ನೊಂದು ಬದಿಯನ್ನೂ ಅಳೆಯಿರಿ.

ಎಲ್ಲರೂ ಎಡವುವುದು ಇಲ್ಲಿ. ಹೆದರಿದ ಗಂಡು ಸ್ನಾಯು ಬಿಗಿಹಿಡಿದರೆ ಕಡ್ಡಿ ಮೂರಕ್ಕೇ ನಿಲ್ಲುತ್ತದೆ, ನಾವು ಹೆಣ್ಣು ಅನ್ನುತ್ತೇವೆ. ಇತ್ತ ನಿಜವಾದ ಹೆಣ್ಣಿನಲ್ಲಿ ಬಲವಾಗಿ ನೂಕಿದರೆ ಕುಳಿಯ ಗೋಡೆ ಹರಿದು ಕಡ್ಡಿ ಎಂಟಕ್ಕೆ ಹೋಗುತ್ತದೆ, ನಾವು ಗಂಡು ಅನ್ನುತ್ತೇವೆ. ಆದ್ದರಿಂದ ಬಲವಿಲ್ಲದೆ ಸಿಕ್ಕಿದ ಆಳವನ್ನು ನಂಬಿ. ಆಳ ಸಿಗದಿದ್ದರೆ ಹೆಣ್ಣು ಎಂದು ತೀರ್ಮಾನಿಸಬೇಡಿ, ಇನ್ನೂ ಗೊತ್ತಾಗಿಲ್ಲ ಎಂದು ತಿಳಿಯಿರಿ. ಐದು, ಆರು ಬಂದರೂ ಅಷ್ಟೇ. ಎರಡು ಮೂರು ವಾರ ಬಿಟ್ಟು ಮತ್ತೆ ನೋಡಿ. ಅದೇ ದಿನ ಮೂರನೇ ಸಲ ತೂರಿಸುವುದು ಹಿಂಸೆ.

ಕಡ್ಡಿಯ ತುದಿಯಲ್ಲಿ ರಕ್ತ ಕಂಡರೆ ಅಲ್ಲಿಗೆ ಕೆಲಸ ನಿಂತಿತು. ಹಾವನ್ನು ಪೇಪರ್ ಹಾಸಿದ ಸ್ವಚ್ಛ ಪೆಟ್ಟಿಗೆಗೆ ಹಾಕಿ ಬಾಲ ಊದುತ್ತದೆಯೇ ಎಂದು ಗಮನಿಸಿ. ಗಂಡಿನ ಅಂಗ ಹೊರಬಂದು ಒಳಹೋಗದಿದ್ದರೆ ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯಿಂದ ತೇವವಾಗಿಟ್ಟು ಅಂದೇ ವೈದ್ಯರ ಬಳಿ ಒಯ್ಯಬೇಕು, ಒಣಗಿದರೆ ಆ ಅಂಗ ಹೋದಂತೆ. ಹಾವು ನೋಡುವ ಪಶುವೈದ್ಯರಿಗಾಗಿ ಮೈಸೂರಿನವರೆಗೆ ಇಳಿಯಬೇಕಾಗಬಹುದು. ಕಡ್ಡಿ ಹಿಡಿಯುವ ಮೊದಲೇ ಅವರ ನಂಬರು ಕೈಯಲ್ಲಿರಲಿ.

ಪೆಟ್ಟಿಗೆಯ ಚೀಟಿಯಲ್ಲಿ ತಾರೀಕು, ಕಡ್ಡಿಯ ದಪ್ಪ, ಎಡ ಎಷ್ಟು, ಬಲ ಎಷ್ಟು ಎಂದು ಬರೆಯುತ್ತೇನೆ. ಹೆಣ್ಣು ಅನ್ನಿಸಿದರೆ ‘ಹೆ’ ಅಕ್ಷರದ ಮುಂದೆ ಒಂದು ಪ್ರಶ್ನೆ ಚಿಹ್ನೆ. ಎರಡನೇ ಅಳತೆಯೂ ಅದೇ ಬಂದ ಮೇಲೆ ಚಿಹ್ನೆಯನ್ನು ಹೊಡೆದುಹಾಕುತ್ತೇನೆ.