ಬಚ್ಚಲಿನ ಕೆಂಪು ಹಗ್ಗ: ನನ್ನ ಅನುಭವ

ಮೈಸೂರಿನ ಹೊರವಲಯದ ಮೂರಂತಸ್ತಿನ ವೃದ್ಧಾಶ್ರಮವೊಂದರ 22 ಕೋಣೆಗಳಿಗೆ ಮೊದಲ ಸಲ ತುರ್ತು ಕರೆ ವ್ಯವಸ್ಥೆ ಹಾಕಿಕೊಟ್ಟಾಗ, ಅದನ್ನು ನಾನು ದೊಡ್ಡದೊಂದು ಕಾಲಿಂಗ್ ಬೆಲ್ ಎಂದೇ ತಿಳಿದಿದ್ದೆ. ಹಾಸಿಗೆಯ ಪಕ್ಕ ಒಂದು ಗುಂಡಿ, ಬಚ್ಚಲಿನಲ್ಲಿ ಹಗ್ಗದ ಸ್ವಿಚ್, ಕೆಳಗೆ ನರ್ಸ್ ಮೇಜಿನ ಬಳಿ ದೀಪಗಳ ಪ್ಯಾನೆಲ್. ಎಂಟು ತಿಂಗಳು ಯಾವ ದೂರೂ ಬರಲಿಲ್ಲ. ಆಮೇಲೆ ಒಂದು ರಾತ್ರಿ ಎರಡನೇ ಮಹಡಿಯ ಅಜ್ಜಿಯೊಬ್ಬರು ಬಚ್ಚಲಿನಲ್ಲಿ ಜಾರಿ ಬಿದ್ದು ಹಗ್ಗ ಎಳೆದರು. ಫಾಲ್ಸ್ ಸೀಲಿಂಗ್ ಮೇಲೆ ಇಲಿ ತಂತಿ ಕಡಿದು ಎಷ್ಟು ದಿನವಾಗಿತ್ತೋ, ಕೆಳಗೆ ದೀಪ ಹತ್ತಲಿಲ್ಲ. ಬೆಳಗಿನ ಕಾಫಿ ಕೊಡಲು ಹೋದವರು ನೋಡುವವರೆಗೆ ಅವರು ಒದ್ದೆ ನೆಲದ ಮೇಲೆಯೇ ಇದ್ದರು. ಪುಣ್ಯಕ್ಕೆ ಮೂಳೆ ಮುರಿದಿರಲಿಲ್ಲ. "ನಾಲ್ಕು ಸಲ ಎಳೆದೆನಪ್ಪ" ಎಂದು ಅವರು ಹೇಳಿದಾಗ ನನಗೆ ತಲೆ ಎತ್ತಲಾಗಲಿಲ್ಲ.

ಆಡಳಿತದವರು ವೈರ್‌ಲೆಸ್ ಹಾಕಿಸೋಣ ಎಂದರು. ಬೇರೊಬ್ಬರು ಕೊಟ್ಟ ದರ ಸುಮಾರು 90,000 ರೂಪಾಯಿ; ಗೋಡೆ ಕೊರೆಯುವ ಗೋಜಿಲ್ಲ. ನಾನೇ ನಾಲ್ಕು ಕೋಣೆಗಳಿಗೆ ಕೈಯಿಂದ ದುಡ್ಡು ಹಾಕಿ ಪರೀಕ್ಷೆಗೆಂದು ಕೂರಿಸಿದೆ. ಬಚ್ಚಲಿನ ತೇವಕ್ಕೆ ಗುಂಡಿ ಸೆಲ್‌ಗಳ ಕಾಂಟ್ಯಾಕ್ಟ್ ಹಸಿರುಗಟ್ಟಿತು, ಮೂಲೆಯ ಕೋಣೆಯ ಸಿಗ್ನಲ್ ಲಿಫ್ಟ್ ಗೋಡೆ ದಾಟಲಿಲ್ಲ, ಸೆಲ್ ಸತ್ತರೆ ಹೇಳುವವರಿಲ್ಲ. ಏಳೆಂಟು ಸಾವಿರ ಅಲ್ಲಿಗೇ ಹೋಯಿತು.

ಮತ್ತೆ ತಂತಿಗೇ ಮರಳಿದೆ. ಫೈರ್ ಅಲಾರಂನಲ್ಲಿ ನಾವೆಲ್ಲ ಹಾಕುವ ಎಂಡ್ ಆಫ್ ಲೈನ್ ರೆಸಿಸ್ಟರನ್ನು (ತಂತಿ ಕಡಿದರೆ ಪ್ಯಾನೆಲ್ಲಿಗೆ ತಿಳಿಯಲೆಂದು ಲೈನಿನ ತುದಿಯಲ್ಲಿ ಕೂರಿಸುವ ರೋಧಕ) ಇಲ್ಲಿಗೂ ತರುತ್ತೇನೆ ಎಂದಾಗ ಜೊತೆಯ ಕಂಟ್ರಾಕ್ಟರುಗಳು "ಕರೆಗಂಟೆಗೆ ಇಷ್ಟೆಲ್ಲ ಯಾಕ್ರೀ" ಎಂದು ನಕ್ಕರು. ಪ್ರತಿ ಕೋಣೆಗೆ ಪ್ಯಾನೆಲ್‌ನಿಂದ ಒಂದು ಪ್ರತ್ಯೇಕ ಜೋಡಿ ತಂತಿ, ಅದು ಮೊದಲು ಹಾಸಿಗೆಯ ಗುಂಡಿಗೆ, ಅಲ್ಲಿಂದ ಬಚ್ಚಲಿಗೆ. ಕೊನೆಯ ಸ್ವಿಚ್ಚಿನೊಳಗೇ 4.7 ಕಿಲೋ ಓಮ್ ರೆಸಿಸ್ಟರ್, ಕರೆಯ ಸಂಪರ್ಕಕ್ಕೆ ಸರಣಿಯಲ್ಲಿ 470 ಓಮ್. 24 ವೋಲ್ಟಿನಲ್ಲಿ ಸುಮ್ಮನಿರುವಾಗ ಸುಮಾರು 5 ಮಿಲಿಆಂಪಿಯರ್ ಹರಿಯುತ್ತದೆ, ಹಗ್ಗ ಎಳೆದರೆ ಅದರ ಹತ್ತು ಪಟ್ಟಿಗೂ ಹೆಚ್ಚು, ತಂತಿ ಕಡಿದರೆ ಸೊನ್ನೆ. ಸೊನ್ನೆಯಾದೊಡನೆ ಹಳದಿ ದೀಪ. ಅವಸರದಲ್ಲಿ ನನ್ನ ಹುಡುಗ ಆರು ಲೈನುಗಳ ರೆಸಿಸ್ಟರನ್ನು ಪ್ಯಾನೆಲ್ಲಿನ ಟರ್ಮಿನಲ್ಲಿಗೇ ಸಿಕ್ಕಿಸಿಟ್ಟಿದ್ದ; ಹಾಗಿದ್ದರೆ ಆಚೆ ತಂತಿ ಕಡಿದರೂ ಕರೆಂಟು ಹರಿಯುತ್ತಲೇ ಇರುತ್ತದೆ, ಹಳದಿ ದೀಪ ಹತ್ತುವುದಿಲ್ಲ. ತಂತಿ ಕತ್ತರಿಸಿ ನೋಡದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ. ಅಂದಿನಿಂದ ಪ್ರತಿ ಲೈನಿನ ತುದಿಯನ್ನೂ ನಾನೇ ಬಿಚ್ಚಿ ಪರೀಕ್ಷಿಸುತ್ತೇನೆ.

ನಿಜವಾದ ತಲೆನೋವು ಬೆಳಗಿನ ಜಾವ ಶುರುವಾಯಿತು. ಯಾರಾದರೂ ಗೀಸರ್ ಹಾಕಿದರೆ ಸಾಕು, ಪಕ್ಕದ ಕೋಣೆಯಿಂದ ಸುಳ್ಳು ಕರೆ. ಕೂಲಿ ಉಳಿಸಲು ಮೊದಲ ಮಹಡಿಯಲ್ಲಿ ಗೀಸರಿನ 230 ವೋಲ್ಟ್ ಲೈನಿನ ಪೈಪಿನಲ್ಲೇ ಕರೆಯ ತಂತಿಯನ್ನೂ ಎಳೆದಿದ್ದೆ; ಗೀಸರ್ ಹಾಕಿದಾಗಿನ ಏರಿಳಿತ ಪಕ್ಕದ ಕರೆಯ ತಂತಿಗೂ ತಾಗುತ್ತಿತ್ತು. ಹಾಗೆ ಮಾಡಬಾರದೆಂದು ಗೊತ್ತಿದ್ದೂ ಮಾಡಿದ ತಪ್ಪು. ಎಂಟು ಕೋಣೆಗಳ ತಂತಿ ಹೊರಗೆಳೆದು, ಒಂದಕ್ಕೊಂದು ಹೊಸೆದ ಜೋಡಿ ತಂತಿ ಹಾಕಿ, ಕಾರಿಡಾರಿನಲ್ಲಿ ಒಂದಡಿ ದೂರದಲ್ಲಿ ಬೇರೆಯದೇ ಕೇಸಿಂಗ್ ಕ್ಯಾಪಿಂಗ್ (ಗೋಡೆಯ ಮೇಲೆ ತಂತಿ ಮುಚ್ಚುವ ಪಟ್ಟಿ) ಓಡಿಸಿದೆ. ಪ್ಯಾನೆಲ್ಲಿಗೆ ತಂತಿ ಬಂದು ಸೇರುವಲ್ಲಿ ಇಂಥ ಏರಿಳಿತ ತಡೆಯಲು ಒಂದು ಕೆಪಾಸಿಟರ್ ಕೂಡ ಇದೆ; ಅದು ಎಷ್ಟು ಸಾಮರ್ಥ್ಯದ್ದಿರಬೇಕೆಂದು ಕಂಡುಹಿಡಿಯಲು ಎರಡು ವಾರ ತೆತ್ತಿದ್ದೇನೆ, ಆದ್ದರಿಂದ ಅದು ನನ್ನಲ್ಲೇ ಇರಲಿ.

ಬಜರಿನದು ಇನ್ನೊಂದು ಕಥೆ. ಮೇಲಿನ ಮಹಡಿಯ ಬಜರುಗಳಿಗೂ ಬಾಗಿಲ ದೀಪಗಳಿಗೂ 0.5 ಚದರ ಮಿ.ಮೀ. ತಂತಿ ಸಾಕೆಂದುಕೊಂಡಿದ್ದೆ. ಅರುವತ್ತು ಮೀಟರು ಹೋಗಿ ಬರುವಷ್ಟರಲ್ಲಿ ಒಂದು ಆಂಪಿಯರಿಗೆ ಐದು ವೋಲ್ಟಿನಷ್ಟು ಬಿದ್ದುಹೋಗುತ್ತಿತ್ತು, ಕರೆಂಟು ಹೋಗಿ ಬ್ಯಾಟರಿಗೆ ಬಂದರೆ ಬಜರ್ ನೆಗಡಿಯಾದವರಂತೆ ಕೂಗುತ್ತಿತ್ತು. 1.5ಕ್ಕೆ ಬದಲಿಸಿದ ಮೇಲೆ ಸರಿಹೋಯಿತು. 12 ವೋಲ್ಟಿನ 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಎರಡು ಸಾಲಾಗಿ ಜೋಡಿಸಿ ಮೇನ್ಸ್ ತೆಗೆದು ನೋಡಿದೆ. ಒಂದು ಹಗಲು ಒಂದು ರಾತ್ರಿ ದಾಟಿತು.

ಹಗ್ಗಕ್ಕೆ, ಕಟ್ಟಡಗಳು ಅಂಗವಿಕಲರಿಗೂ ಅನುಕೂಲವಾಗಿರಬೇಕೆಂಬ ಬ್ರಿಟನ್ನಿನ ಮಾನದಂಡ ಬಿಎಸ್ 8300 ಹೇಳುವಂತೆ, ಎರಡು ಕೆಂಪು ಬಳೆಗಳು: ಒಂದು ನೆಲದಿಂದ 100 ಮಿ.ಮೀ. ಮೇಲೆ, ಇನ್ನೊಂದು 800ರಿಂದ 1000ದ ನಡುವೆ. ಬಿದ್ದವರ ಕೈಗೆ ಎಟಕುವುದು ಕೆಳಗಿನದೇ. ಆದರೆ ನೆಲ ಒರೆಸುವವರು ಒದ್ದೆಯಾಗುತ್ತದೆಂದು ಹಗ್ಗವನ್ನು ಟವೆಲ್ ರಾಡಿಗೆ ಸುತ್ತಿಡುತ್ತಿದ್ದರು. ಹತ್ತಿಯ ಹಗ್ಗ, ನೈಲಾನ್, ಒಮ್ಮೆ ಸ್ಟೀಲ್ ಮಣಿಸರವನ್ನೂ ಪ್ರಯತ್ನಿಸಿದೆ. ಮಣಿಸರ ಗೋಡೆಗೆ ಬಡಿದು ಸದ್ದಾಗುತ್ತದೆಂದು ಒಬ್ಬ ತಾತ ಅದನ್ನು ಕಿತ್ತೇಬಿಟ್ಟರು. ಈಗಿರುವುದು ಸುತ್ತಿದರೆ ತಾನೇ ಬಿಚ್ಚಿಕೊಳ್ಳುವ ಹಗ್ಗ. ಅದನ್ನು ಎಲ್ಲಿಂದ ತರುತ್ತೇನೆ ಎಂಬುದನ್ನೂ ಸದ್ಯಕ್ಕೆ ಬಿಡೋಣ.

ರೀಸೆಟ್ ಗುಂಡಿಯನ್ನು ಕೋಣೆಯೊಳಗೇ ಇಟ್ಟಿದ್ದಕ್ಕೆ ರಾತ್ರಿ ಪಾಳಿಯವರು ತಿಂಗಳುಗಟ್ಟಲೆ ಗೊಣಗಿದರು. ಮೇಜಿನ ಬಳಿಯೇ ಕರೆ ಆರಿಸಲು ಬಂದರೆ ಮೆಟ್ಟಿಲು ಹತ್ತುವವರಾರು? ಈ ಒಂದು ವಿಷಯದಲ್ಲಿ ನಾನು ಮಣಿಯಲಿಲ್ಲ.

ಒಟ್ಟು ಖರ್ಚು ಒಂದು ಲಕ್ಷ ನಲವತ್ತು ಸಾವಿರದ ಆಸುಪಾಸು. ಅದರಲ್ಲಿ ಅರ್ಧಕ್ಕೂ ಹೆಚ್ಚು ಗೋಡೆ ಕೊರೆದು ಟೈಲ್ಸ್ ಮುಚ್ಚಿದ ಕೂಲಿ. ನನ್ನ ತಪ್ಪಿನ ಎಂಟು ಕೋಣೆಗಳಿಗೆ ನಾನು ಬಿಲ್ ಹಾಕಲಿಲ್ಲ. ಕಳೆದ ಮಳೆಗಾಲದಲ್ಲಿ 14ನೇ ಕೋಣೆಗೆ ಹಳದಿ ದೀಪ ಹತ್ತಿತು. ಹೋಗಿ ನೋಡಿದರೆ ನಲ್ಲಿ ರಿಪೇರಿಗೆ ಬಂದ ಪ್ಲಂಬರ್ ನಮ್ಮ ಪೈಪಿಗೇ ಡ್ರಿಲ್ ಇಳಿಸಿದ್ದ. ಸಂಜೆಯೊಳಗೆ ಸರಿಯಾಯಿತು. ವೈರ್‌ಲೆಸ್ ಬೇಕೆಂದಿದ್ದ ಆಡಳಿತದವರೇ ಈಗ ಹಿಂದಿನ ಹೊಸ ಕಟ್ಟಡಕ್ಕೂ ದರ ಕೇಳಿದ್ದಾರೆ. ಗಿಲಾವು ಬೀಳುವ ಮೊದಲೇ ನನ್ನ ಪೈಪು ಇಡಲು ಬಿಡಬೇಕು ಎಂಬ ಒಂದೇ ಷರತ್ತು ಹಾಕಿದ್ದೇನೆ.