ಅಕ್ಷರ ಸಣ್ಣಗಿದೆಯಾ? ರೆಸಲ್ಯೂಶನ್ ಇಳಿಸಬೇಡಿ

ಹೊಸ ಮಾನಿಟರ್ ಬರುತ್ತದೆ, ಅಕ್ಷರ ಸಣ್ಣಗೆ ಕಾಣುತ್ತದೆ. ತಕ್ಷಣ ರೆಸಲ್ಯೂಶನ್ (ಪರದೆಯ ಅಡ್ಡಕ್ಕೆ, ಉದ್ದಕ್ಕೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಇಳಿಸಿಬಿಡುತ್ತಾರೆ. ಆಫೀಸುಗಳಲ್ಲಿ, ಸೈಬರ್ ಸೆಂಟರುಗಳಲ್ಲಿ ಇದನ್ನು ನೋಡುತ್ತಲೇ ಇದ್ದೇನೆ. ಕಣ್ಣಿಗೆ ಇದರಿಂದ ತೊಂದರೆಯೇ ಜಾಸ್ತಿ.

ಮೊದಲು, ಪರದೆ ಕಣ್ಣಿಂದ ಸುಮಾರು 60 ಸೆಂ.ಮೀ. ದೂರದಲ್ಲಿರಲಿ.

ಆಮೇಲೆ ಮಕ್ಕಳ ಅಡಿಪಟ್ಟಿ ತಂದು, ಪರದೆ ಮೇಲಿನ ಇಂಗ್ಲಿಷ್ ದೊಡ್ಡಕ್ಷರ 'ಎಚ್' ಎಷ್ಟೆತ್ತರ ಇದೆ ಅಳೆಯಿರಿ. ದೂರವನ್ನು 170ರಿಂದ ಭಾಗಿಸಿದರೆ ಬೇಕಾದ ಎತ್ತರ ಸಿಗುತ್ತದೆ. 60 ಸೆಂ.ಮೀ.ಗೆ ಸುಮಾರು 3.5 ಮಿ.ಮೀ. 2.8ಕ್ಕಿಂತ ಕೆಳಗೆ ಬೇಡವೇ ಬೇಡ.

ಫಾಂಟ್ ಮೆನುವಿನಲ್ಲಿ '12' ಅಂತ ಇದೆಯಲ್ಲ, ಅಳೆಯೋದು ಯಾಕೆ ಅಂತೀರಾ? ಆ ಸಂಖ್ಯೆಯನ್ನು ಒಂದು ಕಾಲಕ್ಕೆ ನಂಬಬಹುದಿತ್ತು. 1984ರ ಮ್ಯಾಕಿಂತೋಷ್‌ನ 9 ಇಂಚಿನ ಪರದೆಯಲ್ಲಿ ಇಂಚಿಗೆ 72 ಚುಕ್ಕಿ. ಮುದ್ರಣದ ಪಾಯಿಂಟ್ ಕೂಡ ಇಂಚಿನ 72ನೇ ಒಂದು ಭಾಗ. ಹಾಗಾಗಿ 12 ಪಾಯಿಂಟ್ ಅಂದರೆ ಕಾಗದದಲ್ಲೂ ಪರದೆಯಲ್ಲೂ 4.2 ಮಿ.ಮೀ. (ಅಕ್ಷರದ ಮೇಲೆ-ಕೆಳಗಿನ ಜಾಗವೂ ಸೇರಿ; 'ಎಚ್' ಇದಕ್ಕಿಂತ ಗಿಡ್ಡ). ವಿಂಡೋಸ್ ಇಂಚಿಗೆ 96 ಚುಕ್ಕಿ ಅಂತ ಲೆಕ್ಕ ಹಿಡಿಯಿತು, 12 ಪಾಯಿಂಟ್‌ಗೆ 16 ಚುಕ್ಕಿ ಆಯಿತು. ಈಗಿನ 27 ಇಂಚಿನ 4ಕೆ ಮಾನಿಟರ್‌ನಲ್ಲಿ ಇಂಚಿಗೆ 163 ಚುಕ್ಕಿ. ಅಲ್ಲಿ ಆ 16 ಚುಕ್ಕಿ 2.5 ಮಿ.ಮೀ.ಗೆ ಕುಗ್ಗುತ್ತದೆ. ಮೆನುವಿನಲ್ಲಿ ಮಾತ್ರ ಅದೇ 12!

ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ 14 ಇಂಚಿನ ಪರದೆಯಲ್ಲಿ 25 ಸಾಲಷ್ಟೇ ಇರುತ್ತಿತ್ತು. ಸಾಲಿಗೆ ಸುಮಾರು 8 ಮಿ.ಮೀ. ಜಾಗ. ಚುಕ್ಕಿಗಳು ಒರಟು, ಆದರೂ ಸಲೀಸಾಗಿ ಓದಬಹುದಿತ್ತು.

ರೆಸಲ್ಯೂಶನ್ ಇಳಿಸುವ ಅಭ್ಯಾಸವೂ ಆ ಡಬ್ಬಿ ಮಾನಿಟರ್‌ಗಳದ್ದೇ. ಅಲ್ಲಿ ಎಲೆಕ್ಟ್ರಾನ್ ಕಿರಣ ಗಾಜಿನ ಒಳಮೈ ಮೇಲೆ ಗೆರೆ ಎಳೆಯುತ್ತಿತ್ತು. 1024×768 ಬಿಟ್ಟು 800×600ಕ್ಕೆ ಇಳಿದರೂ ಚಿತ್ರ ಚೆನ್ನಾಗೇ ಬರುತ್ತಿತ್ತು. ಎಲ್‌ಸಿಡಿಯಲ್ಲಿ ಚುಕ್ಕಿಗಳ ಜಾಗ ಖಾಯಂ. ಇಳಿಸಿದರೆ ಒಂದು ಚುಕ್ಕಿಯ ಬಣ್ಣ ಪಕ್ಕದ್ದಕ್ಕೂ ಹರಡುತ್ತದೆ, ಅಕ್ಷರದ ಅಂಚು ಮಸುಕಾಗುತ್ತದೆ. ಹಾಗಾಗಿ ರೆಸಲ್ಯೂಶನ್ 'ರೆಕಮೆಂಡೆಡ್' ಅಂತ ತೋರಿಸುವುದರಲ್ಲೇ ಇರಲಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 'ಸ್ಕೇಲ್' (ಅಕ್ಷರ, ಚಿತ್ರ ಎಲ್ಲವನ್ನೂ ಹಿಗ್ಗಿಸುವ ಶೇಕಡಾ ಲೆಕ್ಕ) ಮಾತ್ರ 125, 150, 175 ಅಂತ ಏರಿಸುತ್ತಾ ಹೋಗಿ, ಪ್ರತಿ ಸಲ ಅಳೆಯಿರಿ. ಮಾನಿಟರ್ ಮುಂದೆ ನೇತುಹಾಕುವ ಪ್ಲಾಸ್ಟಿಕ್ ಭೂತಗನ್ನಡಿಗೆ ದುಡ್ಡು ಹಾಕಬೇಡಿ. ಅಂಚಿನ ಸಾಲುಗಳು ಸೊಟ್ಟಗಾಗುತ್ತವೆ, ಲೈಟಿನ ಬೆಳಕು ಅದರ ಮೇಲೇ ಹೊಳೆಯುತ್ತದೆ.

ಕನ್ನಡ ಓದುವವರು ಇಲ್ಲಿಗೇ ನಿಲ್ಲಿಸಬಾರದು. ದ-ಧ, ಬ-ಭ ನಡುವೆ ಇರುವುದು ಕೆಳಗಿನ ಸಣ್ಣ ಸೀಳಷ್ಟೇ. ಒತ್ತಕ್ಷರ ಇನ್ನೂ ಚಿಕ್ಕದು. 'ರಾಷ್ಟ್ರ', 'ಶಾಸ್ತ್ರ', 'ಬಂಧ', 'ಗರ್ಭ' ಅಂತ ಟೈಪ್ ಮಾಡಿ, ಮುಂದಕ್ಕೆ ಬಗ್ಗದೆ ನೋಡಿ. ಒತ್ತು, ಸೀಳು ಎರಡೂ ಬಿಡಿಬಿಡಿಯಾಗಿ ಕಾಣದಿದ್ದರೆ ಕನ್ನಡ ಫಾಂಟ್ ಸೈಜ್ ಇನ್ನೆರಡು ಪಾಯಿಂಟ್ ಏರಿಸಿ. ಸಾಲುಗಳ ನಡುವಿನ ಜಾಗವನ್ನು 1.5 ಮಾಡಿ. ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಫೋನಿಗೂ ಇದೇ ಲೆಕ್ಕ: 35 ಸೆಂ.ಮೀ. ದೂರಕ್ಕೆ 2 ಮಿ.ಮೀ.