ಕಾಲೇಜು ಬೇಸ್‌ಬಾಲ್ ಆಟಗಾರನಿಗೆ ತಕ್ಕ ಬೇಸಿಗೆ ಲೀಗ್ ತಂಡವನ್ನು ಹುಡುಕುವ ಬಗೆ

ಅಮೆರಿಕದ ಕಾಲೇಜು ಬೇಸ್‌ಬಾಲ್ ಋತು ಫೆಬ್ರವರಿ ನಡುವಿನಲ್ಲಿ ಶುರುವಾಗಿ ಹೆಚ್ಚಿನ ತಂಡಗಳಿಗೆ ಮೇ ತಿಂಗಳಲ್ಲಿಯೇ ಮುಗಿದುಹೋಗುತ್ತದೆ. ಅಲ್ಲಿಂದ ಆಗಸ್ಟ್‌ವರೆಗೆ, ಬೇರೆ ಬೇರೆ ಕಾಲೇಜುಗಳಿಂದ ಬಂದವರು ಒಂದೇ ತಂಡವಾಗಿ ಸಂಬಳವಿಲ್ಲದೆ ಆಡುವ ಬೇಸಿಗೆ ಲೀಗ್‌ಗಳು ಆ ದೇಶದ ಉದ್ದಗಲಕ್ಕೂ ನಡೆಯುತ್ತವೆ. ಯಾವ ತಂಡ ಸರಿ ಎಂಬ ಪ್ರಶ್ನೆ ಬಂದಾಗ ಆಟಗಾರನೂ ಮನೆಯವರೂ ಮೊದಲು ನೋಡುವುದು ಲೀಗಿನ ಹೆಸರನ್ನು. ಆದರೆ ಆ ಬೇಸಿಗೆಯಲ್ಲಿ ಅವನು ನಿಜವಾಗಿ ಎಷ್ಟು ಆಡುತ್ತಾನೆ ಎಂಬುದನ್ನೇ ಮೊದಲು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಾಗಾಗಿ ಹುಡುಕಾಟ ಶುರುವಾಗಬೇಕಾದದ್ದು ಆಟಗಾರನ ಸದ್ಯದ ಸ್ಥಿತಿಯಿಂದ. ಮೊದಲ ವರ್ಷವಿಡೀ ಬೆಂಚು ಕಾದು ಹತ್ತಿಪ್ಪತ್ತು ಬಾರಿ ಮಾತ್ರ ಬ್ಯಾಟ್ ಹಿಡಿದ ಹುಡುಗನಿಗೆ ದಿನವೂ ಆಡಿಸುವ ತಂಡ ಬೇಕು. ಅದು ಸಣ್ಣ ಲೀಗಿನದಾದರೂ ಚಿಂತೆಯಿಲ್ಲ. ಕಾಲೇಜು ಋತುವಿನಲ್ಲಿ ಎಂಬತ್ತು ಇನಿಂಗ್ಸ್ (ಬೇಸ್‌ಬಾಲ್ ಪಂದ್ಯವೊಂದಕ್ಕೆ ಸಾಮಾನ್ಯವಾಗಿ ಒಂಬತ್ತು) ಎಸೆದು ಬಂದ ಪಿಚರ್‌ಗೆ, ಅಂದರೆ ಚೆಂಡೆಸೆಯುವವನಿಗೆ, ಬೇಕಾದದ್ದು ಬೇರೆಯೇ: ಕೆಲವೇ ಇನಿಂಗ್ಸ್, ಇಲ್ಲವೇ ಪೂರ್ತಿ ವಿಶ್ರಾಂತಿ. ಬೇಸಿಗೆಯಲ್ಲಿ ಆಡದೆ ಮೈ ಕಟ್ಟುವುದೂ ತಕ್ಕ ಆಯ್ಕೆಯಾಗಬಹುದು ಎಂಬುದನ್ನು ಹಲವರು ಮರೆಯುತ್ತಾರೆ.

ಇದು ಸ್ಪಷ್ಟವಾದ ಮೇಲೆ ಕಾಲೇಜಿನ ಕೋಚ್ ಜೊತೆ ಮಾತನಾಡಿ. ಬೇಸಿಗೆ ತಂಡಗಳ ವ್ಯವಸ್ಥಾಪಕರು ಆಟಗಾರರನ್ನು ಹೆಚ್ಚಾಗಿ ತಮಗೆ ಪರಿಚಯವಿರುವ ಕೋಚ್‌ಗಳ ಮೂಲಕವೇ ತೆಗೆದುಕೊಳ್ಳುತ್ತಾರೆ. ಅನೇಕ ಜಾಗಗಳು ಹಿಂದಿನ ವರ್ಷದ ಶರತ್ಕಾಲದಲ್ಲಿಯೇ ತುಂಬಿಬಿಡುತ್ತವೆ. ಆದ್ದರಿಂದ ಏಪ್ರಿಲ್‌ವರೆಗೆ ಕಾಯದೆ ಸೆಪ್ಟೆಂಬರ್ ಅಥವಾ ಅಕ್ಟೋಬರ್‌ನಲ್ಲಿಯೇ ಕೇಳಿ. ಕೇಳುವವನು ಆಟಗಾರನೇ ಆಗಿರಲಿ, ತಂದೆತಾಯಿಯಲ್ಲ. ಕೋಚ್‌ಗೆ ತಿಳಿಸದೆ ತಾನಾಗಿಯೇ ಒಂದು ತಂಡಕ್ಕೆ ಸಹಿ ಹಾಕಿದರೆ ಮುಂದಿನ ಋತುವಿನಲ್ಲಿ ಆ ವಿರಸದ ಭಾರವನ್ನು ಅವನೇ ಹೊರಬೇಕಾಗುತ್ತದೆ.

ಲೀಗ್‌ಗಳ ಸ್ವಭಾವವೂ ಬೇರೆ ಬೇರೆ. ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗ್‌ನಲ್ಲಿ 10 ತಂಡಗಳಿದ್ದು, ಪ್ರತಿಯೊಂದೂ ಜೂನ್ ನಡುವಿನಿಂದ ಸುಮಾರು 40 ಪಂದ್ಯ ಆಡುತ್ತದೆ. ಅತ್ಯುನ್ನತ ವೃತ್ತಿಪರ ಹಂತವಾದ ಮೇಜರ್ ಲೀಗ್‌ನ ತಂಡಗಳಿಗಾಗಿ ಪ್ರತಿಭೆ ಹುಡುಕುವ ಸ್ಕೌಟ್‌ಗಳು ಅಲ್ಲಿ ಬೇಸಿಗೆಯಿಡೀ ಕುಳಿತಿರುತ್ತಾರೆ. ಆದರೆ ಅಲ್ಲಿ ಕಾಲೂರಲು ತನ್ನ ಕಾಲೇಜಿನಲ್ಲಿ ಈಗಾಗಲೇ ಪ್ರಮುಖನಾಗಿರುವವನಿಗೇ ಕಷ್ಟ. ವಿಸ್ಕಾನ್ಸಿನ್, ಮಿನೆಸೋಟ, ಮಿಷಿಗನ್ ಕಡೆಯ ನಾರ್ತ್‌ವುಡ್ಸ್ ಲೀಗ್ ಮೇ ಕೊನೆಯಲ್ಲಿ ಶುರುವಾಗುತ್ತದೆ. 72 ಪಂದ್ಯಗಳು, ದೂರದೂರದ ಬಸ್ ಪ್ರಯಾಣ, ಬಿಡುವಿಲ್ಲದ ದಿನಗಳು, ಕಿಕ್ಕಿರಿದ ಪ್ರೇಕ್ಷಕರು: ವೃತ್ತಿಪರ ಆಟದ ಬದುಕು ತನಗೆ ಒಗ್ಗುತ್ತದೆಯೇ ಎಂದು ತಿಳಿಯಬಯಸುವ ಬ್ಯಾಟರ್‌ಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಕಡಿಮೆ. 2021ರಲ್ಲಿ ಮೈನರ್ ಲೀಗ್ (ಮೇಜರ್ ಲೀಗ್‌ಗಿಂತ ಕೆಳಗಿನ ವೃತ್ತಿಪರ ಹಂತ) ರೂಪ ಬಿಟ್ಟು ಕಾಲೇಜು ಆಟಗಾರರಿಗೆ ತೆರೆದುಕೊಂಡ ಅಪ್ಪಲಾಚಿಯನ್ ಲೀಗ್ ಮುಖ್ಯವಾಗಿ ಮೊದಲೆರಡು ವರ್ಷದವರಿಗಾಗಿ ಇದೆ. ಅದೇ ವರ್ಷ ಹುಟ್ಟಿದ ಡ್ರಾಫ್ಟ್ ಲೀಗ್, ಡ್ರಾಫ್ಟ್‌ಗೆ (ಮೇಜರ್ ಲೀಗ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆ) ಅರ್ಹರಾದವರತ್ತ ಕಣ್ಣಿಟ್ಟಿದೆ. ವರ್ಜೀನಿಯಾದ ವ್ಯಾಲಿ ಲೀಗ್‌ನಂಥವು ಹೆಸರಿನಲ್ಲಿ ಇವುಗಳಷ್ಟು ದೊಡ್ಡವಲ್ಲದಿದ್ದರೂ ಬೆಳೆಯುವ ಆಟಗಾರನಿಗೆ ಗಟ್ಟಿಯಾದ ನೆಲ ಒದಗಿಸುತ್ತವೆ.

ಬ್ಯಾಟರ್‌ಗಳು ನೆನಪಿಡಬೇಕಾದ ಒಂದು ಅಂಶವಿದೆ. ಕಾಲೇಜಿನಲ್ಲಿ ಲೋಹದ ಬ್ಯಾಟ್ ಬಳಸುವವರು ಇಂಥ ಲೀಗ್‌ಗಳಲ್ಲಿ ಮರದ ಬ್ಯಾಟ್ ಹಿಡಿಯಬೇಕಾಗುತ್ತದೆ. ಕೇಪ್ ಕಾಡ್ 1985ರಲ್ಲಿಯೇ ಮರಕ್ಕೆ ಮರಳಿತು. ಮರದ ಬ್ಯಾಟ್‌ನಲ್ಲಿ ಚೆಂಡು ಚೆನ್ನಾಗಿ ಚಿಮ್ಮುವ ಭಾಗ ಕಿರಿದು. ಹಿಡಿಕೆಯ ಹತ್ತಿರ ತಗುಲಿದರೆ ಬ್ಯಾಟ್ ಮುರಿಯುತ್ತದೆ. ಮೊದಲ ವಾರಗಳಲ್ಲಿ ಸರಾಸರಿ ಕುಸಿದರೆ ಗಾಬರಿಯಾಗದೆ ಕಾಯುವ ತಂಡ ಬೇಕು. ಮುರಿದ ಬ್ಯಾಟ್‌ಗಳ ಖರ್ಚು ಯಾರದೆಂದೂ ಮೊದಲೇ ಕೇಳಿಕೊಳ್ಳಿ.

ತಂಡವೊಂದು ಕರೆದಾಗ ಸಂತೋಷದಲ್ಲಿ ಹೂಂ ಎನ್ನುವ ಮುನ್ನ ಒಪ್ಪಂದ ಪೂರ್ಣಾವಧಿಯದೋ ತಾತ್ಕಾಲಿಕವೋ ಎಂದು ಕೇಳಿ. ಜೂನ್‌ನಲ್ಲಿ ಎನ್‌ಸಿಎಎ (ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆ) ಪಂದ್ಯಾವಳಿ ನಡೆಯುವಾಗ ಅಲ್ಲಿ ಆಡುತ್ತಿರುವವರ ಜಾಗವನ್ನು ತುಂಬಲು ತಂಡಗಳು ತಾತ್ಕಾಲಿಕ ಆಟಗಾರರನ್ನು ಕರೆದು, ಅವರು ಬಂದ ಮೇಲೆ ಇವರನ್ನು ಕಳುಹಿಸಿಬಿಡಬಹುದು. ಇದು ಮೋಸವಲ್ಲ, ಆ ಕೆಲವು ದಿನಗಳಲ್ಲಿ ಚೆನ್ನಾಗಿ ಆಡಿ ಉಳಿದುಕೊಂಡವರೂ ಇದ್ದಾರೆ. ಆದರೆ ತಿಳಿದು ಹೋಗುವುದಕ್ಕೂ ತಿಳಿಯದೆ ಹೋಗುವುದಕ್ಕೂ ಬಹಳ ವ್ಯತ್ಯಾಸವಿದೆ. ಅದೇ ಸ್ಥಾನಕ್ಕೆ ಇನ್ನೆಷ್ಟು ಜನರಿಗೆ ಸಹಿ ಹಾಕಿಸಿದ್ದಾರೆ ಎಂಬುದನ್ನೂ ಸಂಕೋಚವಿಲ್ಲದೆ ವಿಚಾರಿಸಿ: ಮೂವರು ಶಾರ್ಟ್‌ಸ್ಟಾಪ್‌ಗಳಿರುವ (ಎರಡನೇ ಮತ್ತು ಮೂರನೇ ಬೇಸ್‌ಗಳ ನಡುವೆ ಫೀಲ್ಡಿಂಗ್ ಮಾಡುವವರು) ತಂಡದಲ್ಲಿ ನಾಲ್ಕನೆಯವನಿಗೆ ಏನು ಸಿಕ್ಕೀತು? ಪಿಚರ್ ಆಗಿದ್ದರೆ, ಕಾಲೇಜಿನ ಕೋಚ್ ನಿಗದಿ ಮಾಡಿದ ಇನಿಂಗ್ಸ್ ಮಿತಿಯನ್ನು ಬರಹದಲ್ಲಿಯೇ ತಂಡಕ್ಕೆ ತಲುಪಿಸಿ.

ವಾಸಕ್ಕೆ ಊರಿನ ಕುಟುಂಬವೊಂದು ಮನೆಯಲ್ಲಿ ಇರಿಸಿಕೊಳ್ಳುವುದು ಹೆಚ್ಚಿನ ಕಡೆ ರೂಢಿ. ಶುಲ್ಕವಿದೆಯೇ, ಮೈದಾನಕ್ಕೆ ಹೋಗಿಬರಲು ಕಾರು ಬೇಕೇ, ವ್ಯಾಯಾಮಶಾಲೆ ಹತ್ತಿರವಿದೆಯೇ ಎಂದು ತಿಳಿದುಕೊಳ್ಳಿ. ಬೇಸಿಗೆಯಲ್ಲಿ ಪಾಠದ ಕ್ರೆಡಿಟ್ ಪೂರೈಸಬೇಕಿದ್ದರೆ ಅದಕ್ಕೂ ಪಂದ್ಯಗಳಿಗೂ ವೇಳೆ ಹೊಂದುತ್ತದೆಯೇ ಎಂದು ಕಾಲೇಜಿನ ಸಲಹೆಗಾರರೊಂದಿಗೆ ಚರ್ಚಿಸಿ.

ಸಹಿ ಹಾಕಿದ ಬಳಿಕ ವಸಂತದಲ್ಲಿ ಗಾಯವಾದರೆ, ಅಥವಾ ಮನಸ್ಸು ಬದಲಾದರೆ, ಅದೇ ವಾರ ವ್ಯವಸ್ಥಾಪಕರಿಗೆ ಆಟಗಾರನೇ ಕರೆ ಮಾಡಿ ತಿಳಿಸಬೇಕು; ಆಗ ಅವರಿಗೆ ಬದಲಿ ಆಟಗಾರನನ್ನು ಹುಡುಕಲು ಸಮಯ ಸಿಗುತ್ತದೆ, ಕೋಣೆ ಸಿದ್ಧ ಮಾಡುತ್ತಿರುವ ಕುಟುಂಬಕ್ಕೂ ಸುದ್ದಿ ಮುಟ್ಟುತ್ತದೆ.